ಗೇಟಿನಲ್ಲೇ ಮುಗಿದ ಪಾಠ

"ಇನ್ನೂರ ಹನ್ನೆರಡು ಜನಾನೂ ಪಾಸಾಗಿದ್ದಾರಲ್ಲೇ. ಮತ್ತೆ ಮುಖ ಯಾಕೆ ಊದಿಸ್ಕೊಂಡಿದ್ದೀಯ?"

"ಒಂದು ಕಡೆ ಊದಿರೋದು ಹಲ್ಲಿಂದ ಅಕ್ಕ. ಇನ್ನೊಂದು ಕಡೆ ಆ ಪಾಸಿಂದ."

ಹಲ್ಲಿನ ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕತಂಗಿಯರ ಮಾತಿದು. ತಂಗಿ ಬಣ್ಣದ ಕಾರ್ಖಾನೆಯೊಂದರಲ್ಲಿ ತರಬೇತಿ ಅಧಿಕಾರಿಯಂತೆ. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಎಲ್ಲರೂ ಆನ್‌ಲೈನಿನಲ್ಲೇ ಕಲಿಯಲಿ ಎಂದು ಆರು ತಿಂಗಳು ಕೂತು ಯೋಜನೆ ಹಾಕಿದ್ದಳಂತೆ.

"ಕೆಲಸದ ನಡುವೆ ಹತ್ತು ನಿಮಿಷ ಫೋನಲ್ಲಿ ಕಲೀಲಿ ಅಂತ ಬರೆದೆ. ಅಲ್ಲಿ ನೋಡಿದ್ರೆ ಫೋನನ್ನ ಗೇಟಲ್ಲೇ ಕೊಟ್ಟು ಒಳಗೆ ಹೋಗ್ಬೇಕು."

"ಯಾವ ಪುಣ್ಯಾತ್ಮ ಮಾಡಿದ ನಿಯಮ ಅದು?"

"ನಾನೇ. ಹೋದ ವರ್ಷ."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

"ಮತ್ತೆ ಪರೀಕ್ಷೆ ಬರೆದಿದ್ದು ಯಾರು?"

"ಗೇಟಿನ ಕಾವಲು ಅಣ್ಣ. ಎಲ್ರೂ ಫೋನ್ ಜೊತೆ ಪಾಸ್‌ವರ್ಡನ್ನೂ ಚೀಟೀಲಿ ಬರ್ಕೊಟ್ಟಿದ್ರಂತೆ. ಇನ್ನೂರ ಹನ್ನೆರಡು ಸಲ ಒಬ್ರೇ ಪಾಸಾಗಿದ್ದಾರೆ. ನಿನ್ನೆ ನನ್ನ ಪಾಠದಲ್ಲೇ ಎರಡು ತಪ್ಪು ತೋರಿಸಿದ್ರು."

"ಸಾಹೇಬ್ರಿಗೆ ಹೇಳಿದ್ಯಾ?"

"ಎಲ್ಲಿ ಹೇಳ್ಲಿ? ಮಧ್ಯಾಹ್ನ ನನಗೆ ಸನ್ಮಾನ ಇಟ್ಕೊಂಡಿದ್ದಾರೆ."

"ಚಪ್ಪಾಳೆ ತಟ್ಟಿಸ್ಕೊಂಡು ಸುಮ್ನಿದ್ಬಿಡು."

"ನಾಳೆ ನಿಜವಾಗ್ಲೂ ಬೆಂಕಿ ಬಿದ್ರೆ?"

"ಎಲ್ರೂ ಗೇಟಿಗೆ ಓಡ್ತಾರೆ. ಏನು ಮಾಡ್ಬೇಕು ಅಂತ ಆ ಅಣ್ಣನ್ನ ಕೇಳೋಕೆ."

ತಂಗಿ ನಗಲು ಹೋಗಿ ಕೆನ್ನೆ ಹಿಡಿದುಕೊಂಡಳು. ಆಮೇಲೆ ಫೋನ್ ತೆಗೆದು ಸಾಹೇಬರಿಗೆ ಕರೆ ಮಾಡಿದಳು.

"ಸರ್, ಸಣ್ಣ ತಿದ್ದುಪಡಿ. ಪಾಸಾಗಿರೋದು ಗೇಟಿನ ಕಾವಲು ಅಣ್ಣ ಒಬ್ರೇ. ಸನ್ಮಾನ ಅವರಿಗೆ ಮಾಡಿ. ಮಿಕ್ಕವರಿಗೆ ಅವರೇ ಪಾಠ ಮಾಡ್ಲಿ, ನಾನೂ ಕೂತ್ಕೋತೀನಿ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. "ಬನ್ನಿ ಮೇಡಂ. ಫೋನ್ ಹೊರಗೇ ಕೊಟ್ಟು ಬನ್ನಿ."

ಅಕ್ಕ ಆಗಲೇ ಕೈ ಚಾಚಿದ್ದಳು.