ಝಂಡಾ ಅರ್ಧಕ್ಕ ನಿಂತ ದಿನ

ನಗಬ್ಯಾಡಬೇ ಅಕ್ಕಾ. ಕೀಲಿ ಹಾಕಿದ ಬಾಗಲಾ ಎಷ್ಟ ಜಗ್ಗಿದ್ರೂ ತೆರೆಯಂಗಿಲ್ಲಂತ ನನಗೂ ಗೊತ್ತೈತಿ. ಆದ್ರೂ ಜಗ್ಗಿ ನೋಡಿದೆ. ಅಲ್ಲಿ ಮ್ಯಾಲ ನೋಡು, ಝಂಡಾ ಅರ್ಧಕ್ಕ ಇಳಿಸ್ಯಾರ. ಯಾರೋ ಮಾಜಿ ಪ್ರಧಾನಿ ತೀರಿಕೊಂಡಾರಂತ, ಸರಕಾರಿ ಆಫೀಸೆಲ್ಲಾ ಬಂದ್. ನಮ್ಮ ಹುನಗುಂದದ ಈ ರಿಜಿಸ್ಟರ್ ಆಫೀಸ ಸೈತ.

ಸಾಯೂದಕ್ಕ ನಾ ಬ್ಯಾಡ ಅನ್ನೂದಿಲ್ಲ. ತೊಂಬತ್ತ ದಾಟಿತ್ತಂತ, ಆರಾಮ ಹೋಗ್ಲಿ. ಆದ್ರ ಹೋಗೂ ದಿನಾ ನೋಡು... ನಿನ್ನೆ ಗುರುವಾರ. ಇವತ್ತ ಸೂಟಿ, ನಾಳೆ ನಾಲ್ಕನೇ ಶನಿವಾರ, ನಾಡದ ಐತವಾರ. ನೌಕರರ ಮ್ಯಾಲ ಭಾಳ ಜೀವ ಇತ್ತು ಅವರಿಗಿ. ಬಾಂಡ್ ಬರಿಯೂ ಮೀರಾಸಾಬಗ ಫೋನ್ ಹಚ್ಚಿ ಕೇಳಿದೆ, ಕ್ಲಾರ್ಕ ಸಾಹೇಬ್ರು ಎಲ್ಲಿ ಅಂತ. ಹೆಂಡ್ರು ಮಕ್ಕಳನ್ನ ಕರಕೊಂಡ ಮಹಾಕೂಟಕ್ಕ ಹೋಗ್ಯಾರಂತ. ಹೊಂಡದಾಗ ಈಸಾಡಿಕೋತ ಶೋಕಾ ಮಾಡತಿರಬೇಕು.

ನಗು, ನಗು. ನಿನಗೇನ. ನಸುಕಿನಾಗ ಬನಶಂಕರ್ಯಾಗಿನ ನಿನ್ನ ಮನೀಗಿ ಬಂದ ನಿನ್ನ ಎಬ್ಬಿಸಿ ಕರಕೊಂಡ ಬಂದಾಂವ ನಾನು. ಇವತ್ತ ನಿಂದೊಂದ ಸಹಿ ಬಿದ್ದಿದ್ರ ಮುಗೀತಿತ್ತು. ಅವ್ವ ಬಿಟ್ಟಹೋದ ಹೊಲದಾಗಿನ ನಿನ್ನ ಪಾಲು ನನ್ನ ಹೆಸರಿಗಿ ಆಗಿ, ನೀ ಊಟಾ ಮಾಡಿ ಬಸ್ ಹತ್ತತಿದ್ದಿ. ಪಾಲರ ಎಂಥಾದ್ದು, ಬರೇ ಕಲ್ಲು, ಜಾಲಿಕಂಟಿ. ಒಣಾ ಭೂಮಿ, ಅದು ನಿನಗ್ಯಾಕ ಗಂಟ ಬೀಳಬೇಕಂತ ನಾ ಮೈಮ್ಯಾಲ ಹಾಕ್ಕೊಳ್ಳಾಕತ್ತೇನಿ. ನಮ್ಮ ಕಡೆ ಎಲ್ಲಾ ಅಕ್ಕತಂಗೇರು ಅರಿಷಿಣ-ಕುಂಕುಮಕ್ಕಂತ ಯಾವದರ ಒಂದ ಸೀರಿ ತಗೊಂಡ ಪಾಲ ಬಿಡತಾರ. ನಾ ಹಂಗ ಮಾಡಿಲ್ಲ. ಇಳಕಲ್ಲಿಗಿ ಹೋಗಿ, ಅವ್ವ ಉಡತಿದ್ದಳಲ್ಲ, ಅದ ಬಣ್ಣದ್ದ ಹುಡಿಕ್ಯಾಡಿ ತಂದೇನಿ. ನೀ ಉಟ್ಟ ಹೊರಗ ಬಂದ್ರ ಅವ್ವನ ಬಂದಂಗಾತು. ಖರೇನ ಅಕ್ಕಾ, ನನಗ ಒಂಥರಾ ಆತು.

ಅಳಬ್ಯಾಡ ಈಗ. ಈ ಕಟ್ಟಿಮ್ಯಾಲ ಕುಂತ ನೀ ಅತ್ರ, ಪ್ರಧಾನಿ ನಿಮಗ ಬೀಗರಾಗಬೇಕೇನ್ರಿ ಅಂತ ಕೇಳತಾರ ಮಂದಿ.

ಏಳು, ನಿನ್ನ ಬಸ್ಸಿಗಿ ಕುಂದರಸ್ತೇನಿ. ಸೋಮವಾರ ಮತ್ತ ನಾನ ಬಂದ ಕರಕೊಂಡ ಬರ್ತೇನಿ. ಏನು? ರಾಮಥಾಳಕ್ಕ? ನಮ್ಮೂರಿಗಿ ಯಾಕಬೇ ಈಗ? ... ಅಯ್ಯ, ಬಿಡೂ ಹೊಲಾ ನೋಡೂದೇನೈತಿ. ಅವ್ವ ಕುಂದರತಿದ್ದ ಬದುವಿನ ಮ್ಯಾಲ ಕುಂತ ಬರಾಕ... ಹೌದಬೇ, ತಿಳೀತೈತಿ. ಆದ್ರ ಬಿಸಲ ನೋಡು. ಮನ್ಯಾಗ ಹೆಂಡ್ತಿನೂ ಇಲ್ಲ, ತವರಿಗಿ ಹೋಗ್ಯಾಳ. ಚಾ ಮಾಡಿ ಕೊಡೂ ದಿಕ್ಕಿಲ್ಲ. ಅದರಾಗ ಇವತ್ತ ಊರ ಕಡೆ ಬಸ್ಸೂ ಇರಂಗಿಲ್ಲ, ದೇಶಾನ ಶೋಕದಾಗೈತಿ.

ಎಲ್ಲಿ? ... ಹೌದು. ರಾಮಥಾಳದ್ದ ಬಸ್ಸು. ಈ ಬಸ್ಸಿನಾಂವಗ ದೇಶಭಕ್ತಿ ಒಂಚೂರೂ ಇಲ್ಲ ನೋಡು.

ಅಕ್ಕಾ, ನಿಲ್ಲಬೇ. ತಮ್ಮನ ಮಾತ ಕೇಳು. ಆ ಹೊಲದಾಗ ಹೊಸಾ ಸೀರಿ ಉಟ್ಟ ಇಳಿತಾರೇನ? ಕಾಲಿಟ್ರ ಹೂಳತಾವು, ಅಷ್ಟ ಕೆಸರೈತಿ. ಅಂಚೆಲ್ಲಾ ಹೊಲಸಾಗಿ...

ಯಾಕ ನಿಂತಿ?

ಯಾಕ ಹಂಗ ನೋಡತಿ? ಕೆಸರಂದ್ರ... ಮಳಿ... ಇಲ್ಲ ಬಿಡು, ಎಲ್ಲಿ ಬಂತ ಮಳಿ. ಪೈಪ್ ಒಡದಿತ್ತು. ಅಂದ್ರ ನಮ್ದಲ್ಲ, ಬಾಜೂ ಹೊಲದಾಂವಂದು. ಅಕ್ಕಾ, ಏನರ ಅನ್ನು. ಬೈಯಿ. ಇಷ್ಟೊತ್ತ ನಗತಿದ್ದೆಲ್ಲ, ನಗೂದರ ನಗು.

ಆತು. ನೀರ ಬಂದೈತಿ. ಸರಕಾರದವ್ರು ಹೊಳಿ ನೀರ ಎತ್ತಿ ಕೊಡಾಕತ್ತಾರ, ನಮ್ಮ ಹೊಲಕ್ಕೂ ಬಂದೈತಿ. ಉಳ್ಳಾಗಡ್ಡಿ ಹಚ್ಚೇನಿ. ಹಸರಗಿ ನಿಂತೈತಿ... ಹೇಳೂದಿತ್ತು ನನಗ. ಸಹಿ ಆದಮ್ಯಾಲ ಹೇಳೂದಿತ್ತು.

ಹತ್ತಬ್ಯಾಡಬೇ. ಕಂಡಕ್ಟರ್ ಸಾಹೇಬ್ರ, ಈಕಿನ್ನ ಹತ್ತಿಸ್ಕೋಬ್ಯಾಡ್ರಿ, ಈಕಿ ಕಡೆ ರೊಕ್ಕಿಲ್ಲ, ಟಿಕೆಟ್ ತಗಸಾಂವ ನಾನು... ಏನ್ರಿ?

ಹೌದಲ್ಲ. ಹೆಣ್ಣಮಕ್ಕಳಿಗಿ ಫ್ರೀ.

...ನನಗೊಂದ ರಾಮಥಾಳ ಕೊಡ್ರಿ.