ವ್ಯಾನಿನ ಚಕ್ರಕ್ಕೆ ಕೊಟ್ಟಿದ್ದ ಎರಡು ಕಲ್ಲುಗಳ ಬಗ್ಗೆ

ನನ್ನ ಹೆಸರು ಕೆ. ರಾಮಾನುಜ, ವಯಸ್ಸು 68 ವರ್ಷ, ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ನಿವೃತ್ತನಾಗಿದ್ದೇನೆ. ಈಗ ಬಾಡಿಗೆಗೆ ವ್ಯಾನ್ ಓಡಿಸುತ್ತೇನೆ. ವಾಸ ಚಾಮರಾಜಪೇಟೆ ಐದನೇ ಮುಖ್ಯರಸ್ತೆ. ಹೆಂಡತಿ ಕಲ್ಯಾಣಮ್ಮ ತೀರಿಕೊಂಡು ನಾಲ್ಕು ವರ್ಷ. ನಿನ್ನೆ ಮಧ್ಯಾಹ್ನ ಕಾನ್‌ಸ್ಟೇಬಲ್‌ರವರ ಮುಂದೆ ನಾನು ಹೇಳಿದ್ದು ನಿಜವಲ್ಲ. ಅದನ್ನು ಸರಿಪಡಿಸಲು ಈ ದಿನ ಭಾನುವಾರ ಬೆಳಿಗ್ಗೆ 7-40ಕ್ಕೆ ಯಾರೂ ಕರೆಯದೆ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ನನ್ನದು 2001ನೇ ಮಾಡೆಲ್ ಡೀಸೆಲ್ ವ್ಯಾನ್. ಹೆಂಡತಿ ಮದುವೆಗಳಿಗೆ ಅಡುಗೆ ವಹಿಸಿಕೊಳ್ಳುತ್ತಿದ್ದ ಕಾಲದಲ್ಲಿ ಪಾತ್ರೆ ಸಾಗಿಸಲು ಕೊಂಡಿದ್ದು. ಅವಳು ಹೋದ ಮೇಲೆ ಒಂದು ವರ್ಷ ಹಾಗೇ ನಿಂತಿತ್ತು. ಆಮೇಲೆ ನಮ್ಮ ಬೀದಿಯ ಅಂಜನಪ್ಪ, ವಯಸ್ಸು 61, ತಮ್ಮ ಜನರೇಟರ್ ಟ್ರೇಲರನ್ನು ಇದರ ಹಿಂದೆ ಕಟ್ಟಿ ಎಳೆದರೆ ಇಬ್ಬರಿಗೂ ಕೆಲಸವಾಗುತ್ತದೆ ಎಂದು ಹೇಳಿ, ಮೂರು ವರ್ಷದಿಂದ ಛತ್ರಗಳಿಗೆ ಒಟ್ಟಿಗೆ ಹೋಗುತ್ತಿದ್ದೆವು. ಟ್ರೇಲರ್ ಜನರೇಟರ್ ಸೇರಿ ಸುಮಾರು 1,100 ಕೆ.ಜಿ. ಇದೆ.

ದಿನಾಂಕ 19-1-2025ರಂದು ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ವ್ಯಾನ್ ಮೊದಲನೇ ಗೇರಿನಲ್ಲೂ ಹತ್ತದೆ ನಿಂತಿತು. ಹಿಂದೆ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರು. ಅಂಜನಪ್ಪ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಮೇಷ್ಟ್ರೇ, ಎತ್ತಾದ್ರೆ ಬಾಲನಾದ್ರೂ ತಿರುಚಬಹುದು, ಇದಕ್ಕೇನು ತಿರುಚೋಣ ಹೇಳಿ, ಎಂದರು. ಬಸವಣ್ಣನ ಗುಡಿ ಮುಂದೇನೇ ನಿಂತಿದೀವಿ, ಒಂದು ಜೊತೆ ಕೇಳ್ಕೊಂಡು ಬರ್ತೀನಿ ಎಂದೂ ಅಂದರು. ನನಗೆ ಅವಮಾನವಾಯಿತು.

ಮಾರನೇ ದಿನ ಗವಿಪುರದಲ್ಲಿರುವ ವೇಣುಗೋಪಾಲ್ ಎಂಬುವರ ಗ್ಯಾರೇಜಿಗೆ ಬಿಟ್ಟೆನು. ಟಾರ್ಕ್ ಈಸ್ ಫೋರ್ಸ್ ಇನ್‌ಟು ಪರ್ಪೆಂಡಿಕ್ಯುಲರ್ ಡಿಸ್ಟೆನ್ಸ್, ಆದ್ದರಿಂದ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಜಾಸ್ತಿ ಡೀಸೆಲ್ ಬಿಟ್ಟರೆ ಸಾಕು ಎಂದು ನಾನು ಅವರಿಗೆ ವಿವರಿಸಿದೆನು. ವೇಣುಗೋಪಾಲ್ ಒಪ್ಪಲಿಲ್ಲ. ಹಾಗೆ ಮಾಡಿದ್ರೆ ಹೊಗೆ ಬರತ್ತೆ ಸಾರ್, ಎಳೆಯೋ ಪುಲ್ಲಿಂಗ್ ಬರಲ್ಲ, ಇಂಜಿನ್ನು ಸುಟ್ಟು ಹೋಗತ್ತೆ ಎಂದರು. ಅವರು ಡೀಸೆಲ್ ಚಿಮ್ಮಿಸುವ ನಾಜಲ್ ಸರಿಮಾಡಿ, ಏರ್ ಫಿಲ್ಟರ್ ಮತ್ತು ಕ್ಲಚ್ ಪ್ಲೇಟ್ ಹೊಸದು ಹಾಕಿ, ಹಿಂದಿನ ಆಕ್ಸಲಿನೊಳಗಿನ ಕ್ರೌನ್ ಎಂಬ ಹಲ್ಲಿನ ಚಕ್ರ ಬದಲಿಸಿದರು. ಇದರಿಂದ ಓಟ ಕಡಿಮೆಯಾಗಿ ಎಳೆತ ಹೆಚ್ಚುತ್ತದೆ. ಕೆಲಸ ಹದಿನೆಂಟು ದಿನ ಹಿಡಿಯಿತು. ಅದರಲ್ಲಿ ಯಾವ ದೋಷವೂ ಇಲ್ಲ.

ನಿನ್ನೆ ದಿನಾಂಕ 8-2-2025ರ ಶನಿವಾರ ಬೆಳಿಗ್ಗೆ 9-15ಕ್ಕೆ ನಾನು ಮತ್ತು ಅಂಜನಪ್ಪ ಗ್ಯಾರೇಜಿಗೆ ಹೋದೆವು. ಎಳೆತ ನೋಡಬೇಕೆಂದು ಟ್ರೇಲರನ್ನು ಹಿಂದಿನ ದಿನವೇ ತಂದು ಕಟ್ಟಿಸಿದ್ದೆವು. ವ್ಯಾನ್ ಗ್ಯಾರೇಜಿನ ಎದುರಿನ ಇಳಿಜಾರಿನಲ್ಲಿ, ಮೂತಿ ಏರಿನ ಕಡೆಗೆ ಇತ್ತು. ಟ್ರೇಲರಿನ ಹಿಂದೆ ಆರು ಅಡಿ ದೂರಕ್ಕೆ, ರಸ್ತೆ ತಿರುಗುವಲ್ಲಿ, ಒಂದು ಕಾಂಪೌಂಡ್ ಗೋಡೆ. ವ್ಯಾನನ್ನು ಮೊದಲನೇ ಗೇರಿನಲ್ಲಿಟ್ಟು ಹಿಂದಿನ ಎರಡು ಚಕ್ರಕ್ಕೂ ಕಲ್ಲು ಕೊಟ್ಟಿದ್ದರು. ಆ ಕಲ್ಲುಗಳು ನಮ್ಮ ಹಿತ್ತಲಿನವು. ಹೆಂಡತಿಯ ಬಟ್ಟೆ ಒಗೆಯುವ ಕಲ್ಲು ಎರಡಾಗಿ ಒಡೆದಿದ್ದನ್ನು ಎಸೆಯಲು ಮನಸ್ಸಾಗದೆ ವ್ಯಾನಿನಲ್ಲಿ ಇಟ್ಟುಕೊಂಡಿದ್ದೆನು. ಬರೆದುಕೊಳ್ಳುವವರು ಇದು ಬೇಡ ಎಂದರು. ಇರಲಿ ಎಂದು ಕೇಳಿಕೊಂಡಿದ್ದೇನೆ.

ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲವಾಗಿದೆ, ಜೆ.ಸಿ. ರಸ್ತೆಗೆ ಹೋಗಿ ಹೊಸದು ತರುತ್ತೇನೆ, ಹನ್ನೆರಡರೊಳಗೆ ಬರುತ್ತೇನೆ ಎಂದು ವೇಣುಗೋಪಾಲ್ ಹೇಳಿದರು. ಎಳೆಯೋದು ಮಾಡಿಕೊಟ್ಟಿದೀನಿ ಸಾರ್, ನಿಲ್ಲಿಸೋದು ಇನ್ನೂ ಬಾಕಿ ಇದೆ, ನಾನು ಬರೋವರೆಗೂ ಕಲ್ಲು ಮುಟ್ಟಬೇಡಿ ಎಂದು ಎರಡು ಸಲ ಹೇಳಿದರು. ಸ್ಕೂಟರ್ ಹತ್ತಿದ ಮೇಲೆ ತಿರುಗಿ ಮೂರನೇ ಸಲವೂ ಹೇಳಿದರು. ನಾನು ಓಕೆ, ನೋಟೆಡ್ ಎಂದೆನು. ಆಗ 9-40.

ಸಂಜೆ ಒಂದು ಆರತಕ್ಷತೆ ಇತ್ತು. ರಾಹುಕಾಲ 10-30ಕ್ಕೆ ಮುಗಿದ ಕೂಡಲೇ ವ್ಯಾನಿನ ಪೂಜೆ ಮುಗಿಸಿಡೋಣ, ಕೇಬಲ್ ಬಂದೊಡನೆ ಹೊರಡಬಹುದು ಎಂದೆನು. ವೇಣು ಬರಲಿ ತಡೀರಿ ಮೇಷ್ಟ್ರೇ, ನಿಮಗೆ ಯಾವಾಗಲೂ ಅವಸರ ಎಂದರು ಅಂಜನಪ್ಪ. ಆದರೂ ಹೂವು ಅವರೇ ಕಟ್ಟಿದರು. ನಾನು ಸೀಟಿನಲ್ಲಿ ಕುಳಿತು, ಸ್ಟಾರ್ಟ್ ಮಾಡುವ ಮುಂಚೆ ಗೇರನ್ನು ನ್ಯೂಟ್ರಲ್‌ಗೆ ತರುವ ಅಭ್ಯಾಸದಿಂದ ತಂದೆನು. ನಿಂಬೆಹಣ್ಣು ಇಟ್ಟಿಲ್ಲವೆಂದು ನೆನಪಾಗಿ, ಸ್ಟಾರ್ಟ್ ಮಾಡದೆ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆನು. ಕಲ್ಲು ಇದ್ದುದರಿಂದ ವ್ಯಾನ್ ಅಲುಗಲಿಲ್ಲ.

ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆನು. ಅರಿಶಿನ ಕುಂಕುಮ ಹಚ್ಚಿದೆನು. ಕರ್ಪೂರ ಹಚ್ಚುವ ಮುಂಚೆ ಕಲ್ಲುಗಳು ಕಣ್ಣಿಗೆ ಬಿದ್ದವು. ಚಕ್ರಕ್ಕೆ ಅಡ್ಡ ಇಟ್ಕೊಂಡು ಆರತಿ ಎತ್ತಬಾರದು ಕಣ್ರೀ ಎಂದು ಕಲ್ಯಾಣಮ್ಮ ಪ್ರತಿ ಆಯುಧಪೂಜೆಯಲ್ಲೂ ಹೇಳುತ್ತಿದ್ದಳು. ನಮ್ಮ ಬೀದಿ ಮಟ್ಟಸ, ಅಲ್ಲಿ ಅದು ನಡೆಯುತ್ತಿತ್ತು. ನಾನು ಮೊದಲು ಎಡಗಡೆಯ ಕಲ್ಲು ತೆಗೆದೆನು. ಏನೂ ಆಗಲಿಲ್ಲ. ಬಲಗಡೆಯದನ್ನು ಅಲುಗಿಸಿ ಎಳೆದೆನು. ಆಗಲೂ ವ್ಯಾನ್ ನಿಂತೇ ಇತ್ತು, ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಎ ಬಾಡಿ ಅಟ್ ರೆಸ್ಟ್ ಕಂಟಿನ್ಯೂಸ್ ಟು ಬಿ ಅಟ್ ರೆಸ್ಟ್, ಅನ್‌ಲೆಸ್, ನಿಂತ ವಸ್ತು ನಿಂತೇ ಇರುತ್ತದೆ, ಎಲ್ಲಿಯವರೆಗೆಂದರೆ, ಎಂದು ಮೂವತ್ತು ವರ್ಷ ಹುಡುಗರು ನನ್ನ ಮುಂದೆ ಬಾಯಿಪಾಠ ಒಪ್ಪಿಸಿದ್ದಾರೆ. ರಾತ್ರಿಯೆಲ್ಲ ಕುಳಿತರೂ ಮುಂದಿನದು ನೆನಪಾಗಲಿಲ್ಲ.

ಅಂಜನಪ್ಪ ಟ್ರೇಲರಿನ ಹಿಂದೆ ಬಗ್ಗಿ ಜನರೇಟರಿನ ಬಾಗಿಲಿಗೆ ಬೀಗ ಹಾಕುತ್ತಿದ್ದರು. ನಾನು ಕಲ್ಲು ತೆಗೆದದ್ದು ಅವರಿಗೆ ಕಾಣುವಂತಿರಲಿಲ್ಲ. ವ್ಯಾನ್ ಸದ್ದಿಲ್ಲದೆ ಹಿಂದಕ್ಕೆ ಹೋಯಿತು. ಆಗ 10-50.

ಗೋಡೆಗೂ ಟ್ರೇಲರಿಗೂ ನಡುವೆ ಅವರ ಎದೆ ಸಿಕ್ಕಿತ್ತು. ಅವರು ಕೂಗಲಿಲ್ಲ. ಮೇಷ್ಟ್ರೇ, ಮುಂದಕ್ಕೆ ತಗೊಳ್ಳಿ ಎಂದು ಮೆಲ್ಲಗೆ, ಟೆಂಪೋ ನಿಲ್ಲಿಸುವ ಜಾಗ ತೋರಿಸುವವರಂತೆ ಹೇಳಿದರು. ನಾನು ಹತ್ತಿ ಸ್ಟಾರ್ಟ್ ಮಾಡಿದೆನು. ಒಂದೇ ಸಲಕ್ಕೆ ಹತ್ತಿಕೊಂಡಿತು. ಅಷ್ಟು ಏರಿನಲ್ಲಿ ಅಷ್ಟು ಭಾರವನ್ನು ಒಂದಿಷ್ಟೂ ತಿಣುಕದೆ ಮೂರು ಅಡಿ ಮುಂದಕ್ಕೆ ಎಳೆಯಿತು. ಗೇರಿನಲ್ಲೇ ಆಫ್ ಮಾಡಿ ಇಳಿದೆನು. ಅಂಜನಪ್ಪ ಗೋಡೆಗೆ ಒರಗಿ ಕುಳಿತಿದ್ದರು. ಇಂಜಿನ್ ಶಬ್ದ ಕೇಳಿಯೇ ಅಕ್ಕಪಕ್ಕದವರು ಹೊರಗೆ ಬಂದದ್ದು. ಅದಕ್ಕೆ ಮುಂಚಿನದನ್ನು ಯಾರೂ ನೋಡಿಲ್ಲ.

ಇಬ್ಬರು ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆಟೋದಲ್ಲಿ ಜಾಗವಿರಲಿಲ್ಲ ಎಂದು ನಿನ್ನೆ ಹೇಳಿದ್ದೆನು. ಜಾಗ ಇತ್ತು. ಜನರೆಲ್ಲ ಆಟೋ ಹಿಂದೆ ತಿರುವಿನವರೆಗೆ ಹೋಗಿದ್ದಾಗ ನಾನು ಬಗ್ಗಿ ಎರಡೂ ಕಲ್ಲುಗಳನ್ನು ಮೊದಲಿದ್ದ ಜಾಗದಲ್ಲಿ, ಅಂದರೆ ಈಗ ಹಿಂದಿನ ಚಕ್ರಗಳ ಮುಂದಕ್ಕೆ, ಇಟ್ಟೆನು. ಯಾಕೆ ಇಟ್ಟೆನೆಂದು ಕೇಳಿದರೆ ಗೊತ್ತಿಲ್ಲ ಎನ್ನಬಹುದು. ಗೊತ್ತಿದೆ. ಹೆದರಿದ್ದೆನು.

11-25ಕ್ಕೆ ಅಂಜನಪ್ಪ ತೀರಿಕೊಂಡರೆಂದು ಫೋನ್ ಬಂತು. ಅವರ ಭಾವಮೈದ ಮಂಜುನಾಥ್ ಬಂದು ನೋಡಿ, ಕಲ್ಲು ಕೊಟ್ಟಿದ್ದರೂ ಹಾರಿದೆ ಅಂದರೆ ಇಂಜಿನ್ನಿಗೆ ಏನು ಮಾಡಿಟ್ಟಿದ್ದ ಆ ಗ್ಯಾರೇಜಿನವನು ಎಂದರು. ಸ್ಟಾರ್ಟ್ ಮಾಡಿದೊಡನೆ ಕಲ್ಲು ಹತ್ತಿ ಹಿಂದಕ್ಕೆ ನೆಗೆಯಿತಾ ಎಂದು ಕಾನ್‌ಸ್ಟೇಬಲ್‌ರವರು ಕೇಳಿದರು. ನಾನು ಹೌದು ಎಂದೆನು. 12-10ಕ್ಕೆ ವೇಣುಗೋಪಾಲ್ ಹೊಸ ಕೇಬಲನ್ನು ಕುತ್ತಿಗೆಗೆ ಹಾಕಿಕೊಂಡು ಸ್ಕೂಟರಿನಲ್ಲಿ ಬಂದರು. ಜನ ಅವರನ್ನು ಹೊಡೆದರು. ಏಟು ತಿನ್ನುತ್ತ, ಸಾರ್, ನೀವಾದ್ರೂ ಹೇಳಿ ಸಾರ್ ಎಂದು ನನ್ನನ್ನು ಕೇಳಿದರು. ನಾನು ನೆಲ ನೋಡುತ್ತಿದ್ದೆನು. ನಿನ್ನೆಯಿಂದ ಅವರು ಈ ಠಾಣೆಯಲ್ಲಿದ್ದಾರೆ. ಈಗ ಒಳಗೆ ಬರುವಾಗ ನೋಡಿದೆನು. ಅವರೇ ಎದ್ದು ನಿಂತರು.

ಈ ದಿನ ಬೆಳಿಗ್ಗೆ ಆರು ಗಂಟೆಗೆ ಅಂಜನಪ್ಪನವರ ಹೆಂಡತಿ ಮುನಿಲಕ್ಷ್ಮಮ್ಮನವರ ಮನೆಗೆ ಹೋಗಿ ಇದನ್ನೇ ಹೇಳಿದೆನು. ಅವರು, ನಿಂಬೆಹಣ್ಣು ನಾನೇ ಕೊಟ್ಟು ಕಳಿಸಿದ್ದೆ, ಹೋಗಿ ಅಲ್ಲಿ ಹೇಳಿ ಎಂದರು.

ನನ್ನ ಮಾತು ನಂಬಬೇಕೆಂದು ಕೇಳುವುದಿಲ್ಲ. ವಶಪಡಿಸಿಕೊಂಡ ಎರಡು ಕಲ್ಲುಗಳು ಇದೇ ಠಾಣೆಯಲ್ಲಿ ಗೋಣಿಚೀಲದಲ್ಲಿವೆ, ಬಿಚ್ಚಿಸಿ ನೋಡಬೇಕು. ಚಕ್ರ ಹತ್ತಿ ಇಳಿದಿದ್ದರೆ ಮೇಲೆ ಟೈರಿನ ಕಪ್ಪು ಇರಬೇಕು. ಇರುವುದಿಲ್ಲ. ಎರಡು ಬದಿಯಲ್ಲಿ, ಎತ್ತಲು ಹಿಡಿಯುವ ಜಾಗದಲ್ಲಿ, ಕುಂಕುಮದ ಬೆರಳಚ್ಚು ಇರುತ್ತದೆ. ಅದು ನನ್ನದು.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆನು. ನಿನ್ನೆಯದು ಸುಳ್ಳು, ಇದು ನಡೆದದ್ದು. ಯಾವಾಗಲೂ ಇಂಗ್ಲಿಷಿನಲ್ಲಿ ಸಹಿ ಮಾಡುವವನು, ಎಲ್ಲರಿಗೂ ಓದಲು ಬರಲೆಂದು ಕನ್ನಡದಲ್ಲಿ ಮಾಡಿದ್ದೇನೆ. ವೇಣುಗೋಪಾಲ್‌ರವರನ್ನು ಮನೆಗೆ ಕಳುಹಿಸುವವರೆಗೆ ನಾನು ಇಲ್ಲೇ ಬೆಂಚಿನ ಮೇಲೆ ಇರುತ್ತೇನೆ. ಆಮೇಲೂ ಇಲ್ಲೇ ಇರಬೇಕಾದೀತೆಂದು ಮಾತ್ರೆ, ಕನ್ನಡಕ, ಒಂದು ಪಂಚೆ ತಂದಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 9-2-2025, ಬೆಳಿಗ್ಗೆ 9-05

ಸಹಿ/-
ಕೆ. ರಾಮಾನುಜ