ಮಾಯಾ ಮೇಡಂಗೆ ಒಂದು ಸೆಂಟ್ರಿಫ್ಯೂಜ್

ಛೀ ಛೀ, ಆ ಮಷೀನ್ ಮುಟ್ಟಬ್ಯಾಡ್ರಿ ಮಾಯಾ ಮೇಡಂ! ಅದರ ಹೊಟ್ಟಿಯೊಳಗ ನೋಡ್ರಿ... ಯಾರದೋ ರಕ್ತ, ಒಣಗಿ ಕರ್ರಗಾಗಿ ಕುಂತದ. ದವಾಖಾನಿಯವರು ಮಾರೂಮುಂದ ಒಂದ್ ಬಟ್ಟಿ ಸುದ್ದಾ ಆಡ್ಸಂಗಿಲ್ಲ. ವಾಕರ್ಕಿ ಬರ್ತದ ನನಗ! ಗಾಂಧಿ ಗಂಜದಾಗ ಕಾಳು ಮಾರಿದವ ನಾನು. ಹುಳ ಬಿದ್ದ ಕಡಲಿ ನೋಡೀನಿ, ಇಲಿ ಸತ್ತ ಚೀಲ ಬಿಚ್ಚೀನಿ... ಇಷ್ಟ ಹೊಲಸ ನೋಡಿಲ್ರಿ.

ಯಾಕ ನಗ್ತೀರಿ? ತೊಗರಿ ಮಾರಿದ ಈ ಮಾಣಿಕಗ ಲ್ಯಾಬಿನ ಸಾಮಾನು ಏನ್ ತಿಳೀತದ ಅಂತೇನು? ನಗ್ರಿ, ನಗ್ರಿ.

ಇದಾ? ಥೂ, ಪ್ಲಾಸ್ಟಿಕ್ ಡಬ್ಬಿ! ಮಿಕ್ಸರ್ ಇದಕ್ಕಿಂತ ಚಲೋ, ಚಟ್ನಿಯಾದ್ರೂ ಆಗ್ತದ. ಮಷೀನ್ ಅಂದ್ರ ಗರಗರ ತಿರುಗಬೇಕು, ರಕ್ತದ ಕೆಂಪು ತಳಕ್ಕ, ತಿಳಿ ಮ್ಯಾಲಕ್ಕ. ನಾಡಿದ್ದ ಭಾಲ್ಕಿದಾಗ ನಿಮ್ಮ ಲ್ಯಾಬ್ ಸುರು ಆಗೂದದ, ಹೌದಿಲ್ಲೋ? ಹಂಗಾದ್ರ ಈ ಬಿಳೀದು ಬರೋಬ್ಬರ. ಕಬ್ಬಿಣ! ಸಾಫ್!

ಅಲ್ರಿ... ಒಳಗ್ಯಾಕ ಬೆರಳ ಹಾಕ್ತೀರಿ? ಗಂಜದಾಗ ಹಿಂಗೇ, ಚೀಲದ ಬಾಯಾಗಿನ ಕಾಳ ಯಾರೂ ನಂಬಂಗಿಲ್ಲ, ತಳಕ್ಕೇ ಕೈ ಹಾಕ್ತಾರ. ನೀವೂ ಹಂಗೇ... ಏನು, ಬಣ್ಣ ಅಂಟಿತು? ಮಳಿಗಾಲರಿ, ಲಗೂ ಒಣಗಂಗಿಲ್ಲ. ಹಳೀ ಮಷೀನ್ ಅಂತ ಹೇಳೀನಲ್ಲ... ಹೇಳಿಲ್ಲ? ಈಗ ಹೇಳ್ದೆ ನೋಡ್ರಿ. ಮೊದಲ ಔರಾದದ ಒಂದ್ ಲ್ಯಾಬಿನಾಗ ಇತ್ತು. ಆ ಲ್ಯಾಬ್ ಮುಚ್ಚಿತು. ಯಾಕ ಮುಚ್ಚಿತೋ, ನಮಗೇನು!

ಪರ್ಸಿನಾಗಿಂದ ಏನ್ ತೆಗೆದ್ರಿ? ಗಾಜಿನ ಟ್ಯೂಬು? ನೀರ ತುಂಬಿ ಎದುರಾಬದುರಾ ಇಡ್ಲತ್ತೀರಿ... ತಕ್ಕಡಿಯಂಗ, ಎರಡೂ ಕಡಿ ಸಮ. ಶಾಣ್ಯಾ ಇದ್ದೀರಿ! ಚಾಲೂ ಮಾಡ್ರಿ. ಕೇಳ್ರಿ ಆವಾಜ, ಹಾಲ ಕುಡದ ಬೆಕ್ಕಿನಂಗ... ಸಾಕು, ಸ್ಪೀಡಿನ ಗುಂಡಿ ಅರ್ಧಕ್ಕೇ ಇರ್ಲಿ. ನಿಮ್ಮ ಕೆಲಸಕ್ಕ ಪೂರಾ ಯಾಕ ಬೇಕು?

ಬೇಕು ಅಂತೀರಿ? ಎಷ್ಟ ಸಂಶಯರಿ ಸಾಲಿ ಕಲ್ತವರದು! ಮನಶ್ಯಾನ ಮ್ಯಾಲ ಭರೋಸಾನೇ ಇಲ್ಲ. ಅಸಹ್ಯ ಕಾಲ ಬಂತು ನೋಡ್ರಿ... ತಿರುಗಿಸ್ರಿ, ಪೂರಾ ತಿರುಗಿಸ್ರಿ, ನನಗೇನು!

ಯಾಕ ನಿಂತ್ರಿ? ಕೈ ಗುಂಡಿ ಮ್ಯಾಲೇ ಅದ... ಮಷೀನ್ ನೋಡ್ರಿ ಮೇಡಂ, ನನ್ನ ಯಾಕ ನೋಡ್ತೀರಿ? ನಾ... ಇಲ್ಲಿ ಗ್ವಾಡಿ ಹಿಂದ... ಗಾಳಿಗಿ ಬಂದ್ ನಿಂತೀನಿರಿ. ಒಳಗ ಸೆಕಿ ಭಾಳ.



ಹಂಗ ನೋಡಬ್ಯಾಡ್ರಿ...

ತಂಗಿ, ಬಂದ್ ಮಾಡು. ಮೊದಲ ಮಾರಿ ಹಿಂದಕ್ಕ ತಗೋ. ಇದರ ಮುಚ್ಚಳ ಹಾರಿದಾಗ ಔರಾದದ ಆ ಹೆಣ್ಮಗಳೂ ಹಿಂಗೇ ಬಾಗಿ ನಿಂತಿದ್ಳು.